ನಾನು ಹೊಡೆದುಹಾಕಿದ ನಲವತ್ತೆರಡನೇ ದೃಶ್ಯ

ಇಲ್ಲಿ ಬರೆಯುತ್ತಿರುವುದರಲ್ಲಿ ನಡೆದದ್ದೆಷ್ಟು, ನಾನು ಆಮೇಲೆ ಜೋಡಿಸಿಕೊಂಡದ್ದೆಷ್ಟು ಎಂದು ಖಚಿತವಾಗಿ ಹೇಳಲಾರೆ. ಚಿತ್ರಕಥೆ ಕಲಿಸುವವರಿಗೆ ಇದೊಂದು ಕೆಟ್ಟ ಅಭ್ಯಾಸ. ನೆನಪಿನಲ್ಲಿ ಸಪ್ಪೆ ಜಾಗ ಕಂಡರೆ ಕೈ ಸುಮ್ಮನಿರುವುದಿಲ್ಲ. ಈ ಪ್ರಸಂಗವನ್ನು ಗೆಳೆಯರ ಮುಂದೆ ಹಲವು ಸಲ ಹೇಳಿದ್ದೇನೆ. ಹೇಳಿದಷ್ಟು ಸಲವೂ ಅದರಲ್ಲಿ ನಾನು ಇನ್ನಷ್ಟು ಬುದ್ಧಿವಂತನಾಗುತ್ತ ಬಂದಿದ್ದೇನೆ. ಹಾಗಾಗಿ ಈ ಸಲ ಗೊತ್ತಿರುವುದನ್ನು ಗೊತ್ತಿದೆ ಎಂದೂ, ಉಳಿದದ್ದನ್ನು ಅನುಮಾನ ಎಂದೂ ಬರೆಯುತ್ತೇನೆ.

ಕೋವಿಡ್ ಕಳೆದ ಎರಡನೇ ವರ್ಷ. ಹೊಸೂರಿನ ಹೊರವಲಯದ ಒಂದು ಖಾಸಗಿ ವಿಶ್ವವಿದ್ಯಾಲಯದ ಎಂ.ಎ. ಚಿತ್ರಕಥಾ ವಿಭಾಗದಲ್ಲಿ ನಾನು ಸಹಾಯಕ ಪ್ರಾಧ್ಯಾಪಕನಾಗಿದ್ದೆ. ಅದು ನನ್ನ ನಾಲ್ಕನೇ ಕೆಲಸ. ಮನೆ ಅವಲಪಲ್ಲಿಯಲ್ಲಿ, ಬಾಡಿಗೆಗೆ. ಕೊನೆಯ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳು ಸುಮಾರು ನೂರು ಪುಟದ ಪೂರ್ಣಾವಧಿ ಚಿತ್ರಕಥೆ ಬರೆಯಬೇಕಿತ್ತು. ಒಂದು ಪುಟವೆಂದರೆ ಪರದೆಯ ಮೇಲೆ ಒಂದು ನಿಮಿಷ ಎಂಬುದು ಈ ವೃತ್ತಿಯ ಲೆಕ್ಕ. ತಮಿಳು, ತೆಲುಗು, ಕನ್ನಡ ಯಾವುದರಲ್ಲಾದರೂ ಬರೆಯಬಹುದಿತ್ತು. ಕನ್ನಡದವರು ನನ್ನ ಪಾಲಿಗೆ. ಹೊರಗಿನ ಪರೀಕ್ಷಕರು ಹಸ್ತಪ್ರತಿಯನ್ನು ಹಿಂದಿರುಗಿಸಿದರೆ ತಿದ್ದಲು ಒಂದೇ ಅವಕಾಶ. ಎರಡನೇ ಸಲವೂ ಒಪ್ಪದಿದ್ದರೆ ಪದವಿ ಇಲ್ಲ.

ನಾಗರತ್ನಳದು ಹಿಂದಿರುಗಿ ಬಂದಿತ್ತು. ಬೇರಿಕೆಯಿಂದ ಆಚೆಯ ಹಳ್ಳಿಯಲ್ಲಿ ಗುಲಾಬಿ ಬೆಳೆಯುವ ಮನೆತನದ ಹುಡುಗಿ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದು, ಆ ಕೆಲಸ ಬಿಟ್ಟು ಓದಲು ಬಂದವಳು. ಅವಳ ಕಥೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಮಾತು ಬಿಟ್ಟು ಹನ್ನೊಂದು ವರ್ಷ. ಆದರೆ ಕೊಳವೆಬಾವಿ ಒಂದೇ, ಸರದಿಯ ಮೇಲೆ ನೀರು. ಹೇಳಲೇಬೇಕಾದ್ದನ್ನು ಅಣ್ಣ ಅಂಗಳದಲ್ಲಿ ಕಟ್ಟಿದ ಸೀಮೆ ಹಸುವಿಗೆ ಹೇಳುತ್ತಾನೆ. ತಮ್ಮ ಕೇಳಿಸಿಕೊಂಡು ಉತ್ತರವನ್ನೂ ಹಸುವಿಗೇ ಹೇಳುತ್ತಾನೆ. ಚಿತ್ರಕಥೆ ಪೂರ್ತಿ ಹೀಗೇ. ನಲವತ್ತೆರಡನೇ ದೃಶ್ಯ, ಅಂದರೆ ಕ್ಲೈಮ್ಯಾಕ್ಸ್ ಕೂಡ.

ಪರೀಕ್ಷಕರು ‘ಸಂಘರ್ಷ ದುರ್ಬಲ’ ಎಂದು ಬರೆದಿದ್ದರು. ಅದಕ್ಕೂ ಮೊದಲೇ ನಾನು ಆ ದೃಶ್ಯದ ಮೇಲೆ ಕೆಂಪು ಗೀಟು ಎಳೆದು, ‘ಏನೂ ಆಗುವುದಿಲ್ಲ. ಮುಖಾಮುಖಿ ಬೇಕು’ ಎಂದು ಅಂಚಿನಲ್ಲಿ ಗೀಚಿದ್ದೆ. ಅವಳು ಬದಲಾಯಿಸದೆ ಹಾಗೇ ಸಲ್ಲಿಸಿದ್ದಳು. ಈಗ ತಿದ್ದಲು ಉಳಿದದ್ದು ಆರು ವಾರ.

“ಎದುರಿಗೆ ನಿಂತು ಮಾತಾಡಿದ್ರೆ ಅವರು ಮಾತು ಬಿಟ್ಟೋರು ಹೆಂಗಾಗ್ತಾರೆ ಸಾರ್?” ಎಂದಳು ರತ್ನ.

“ಅದಕ್ಕೇ ಅಲ್ವೇನಮ್ಮ ಕ್ಲೈಮ್ಯಾಕ್ಸ್ ಅನ್ನೋದು?”

ಅವಳು ಕಾಗದಗಳನ್ನು ಒಟ್ಟು ಮಾಡಿಕೊಂಡಳು. “ಸರಿ ಸಾರ್. ಈ ಸಲ ಫೇಲಾದ್ರೆ ಫ್ಯಾಕ್ಟರಿಯೋರೂ ವಾಪಸ್ ಸೇರಿಸ್ಕೊಳ್ಳಲ್ಲ. ನೀವು ಹೇಳ್ದಂಗೇ ಬರೀತೀನಿ.”

ಬರೆದಳು. ನಾಲ್ಕು ಪುಟದ ಜಗಳ, ಕಣ್ಣೀರು, ಕೊನೆಗೆ ಅಪ್ಪುಗೆ. ನನಗೆ ಬಹಳ ಹಿಡಿಸಿತು.

ಸಲ್ಲಿಸುವ ಮೊದಲು ಟೇಬಲ್ ರೀಡ್ ಮಾಡುವುದು ರೂಢಿ. ಒಬ್ಬೊಬ್ಬರು ಒಂದೊಂದು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುತ್ತಾರೆ; ನಾಲಿಗೆ ಎಲ್ಲಿ ತೊಡರುತ್ತದೆಂದು ಆಗ ತಿಳಿಯುತ್ತದೆ. ಅದನ್ನು ಅವಳ ಊರಿನಲ್ಲೇ ಮಾಡೋಣವೆಂದದ್ದು ನಾನು ಎಂದು ಹೇಳಿಕೊಂಡು ಬಂದಿದ್ದೇನೆ. ತಾನು ಎನ್ನುತ್ತಿದ್ದಳು ರತ್ನ. ಅವಳೇ ಇರಬೇಕು. ನನಗೆ ಆಗ ಆ ಚಿತ್ರಕಥೆಯ ಬಗ್ಗೆ ಅನುಮಾನವೇ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ಗುಲಾಬಿ ಕಟ್ಟು ಕಟ್ಟುವ ಶೆಡ್ಡಿನಲ್ಲಿ ಕುಳಿತೆವು. ಓದಲು ನಾಲ್ವರು ಸಹಪಾಠಿಗಳು, ಕೇಳಲು ಅಕ್ಕಪಕ್ಕದ ಮನೆಯವರು ಮತ್ತು ರತ್ನಳ ಅಜ್ಜಿ. ಒಂದು ಮೂಲೆಯಲ್ಲಿ ಅವಳ ಅಪ್ಪ ಮುನಿರಾಜಪ್ಪ, ಇನ್ನೊಂದು ಮೂಲೆಯಲ್ಲಿ ದೊಡ್ಡಪ್ಪ ಚಿನ್ನಪ್ಪ. ಇಬ್ಬರ ನಡುವೆ ಒಂದು ಕರಿ ನಾಯಿ ಮಲಗಿತ್ತು. ಅವರು ಅಷ್ಟು ದೂರ ಕುಳಿತದ್ದೇಕೆಂದು ನಾನು ಯೋಚಿಸಲಿಲ್ಲ.

ಹೊಸ ದೃಶ್ಯ ಶುರುವಾಯಿತು. ಅಣ್ಣನ ಪಾತ್ರ ಓದುತ್ತಿದ್ದ ಹುಡುಗ ದನಿ ನಡುಗಿಸಿ, “ತಮ್ಮಾ, ಹನ್ನೊಂದು ವರ್ಷ ನನ್ನ ಎದೆಯಲ್ಲಿ ಎಂಥ ಬೆಂಕಿ ಉರಿದಿದೆ ಗೊತ್ತಾ?” ಎಂದ.

ಅಜ್ಜಿ ಕಿಸಕ್ಕನೆ ನಕ್ಕಿತು. “ಬೆಂಕಿಯಂತೆ! ಮೋಟ್ರು ಪಕ್ಕದಾಗೇ ನಿಂತವ್ನಲ್ಲ, ಎರಡು ಬೊಗಸೆ ನೀರು ಕುಡೀಲಿ ಬಿಡು.”

ಶೆಡ್ಡಿಗೆ ಶೆಡ್ಡೇ ನಕ್ಕಿತು. ಚಿನ್ನಪ್ಪ ನಾಯಿಯ ಕಡೆ ತಿರುಗಿದರು. “ನೋಡ್ಲಾ ಕರಿಯಾ, ಮೇಷ್ಟ್ರ ಕಥೆಯಾಗಿನ ಅಣ್ಣತಮ್ಮಂದ್ರು ಕೋರ್ಟಾಗೆ ಲಾಯರ್‌ಗಳು ಮಾತಾಡ್ದಂಗೆ ಮಾತಾಡ್ತಾವ್ರೆ.”

ಆ ಮೂಲೆಯಿಂದ ಮುನಿರಾಜಪ್ಪನೂ ನಾಯಿಯನ್ನೇ ನೋಡುತ್ತ ಹೇಳಿದರು. “ಯಾವತ್ತೂ ಇಲ್ದೋರು ಇವತ್ತೊಂದು ಸರಿಯಾದ್ ಮಾತಾಡವ್ರೆ ಕಣ್ಲಾ ಕರಿಯಾ.”

ನಾಯಿ ಬಾಲ ಆಡಿಸಿತು. ಊರಿನವರಿಗೆ ಇದು ದಿನದ ಮಾತು, ಯಾರೂ ತಲೆ ಎತ್ತಲಿಲ್ಲ. ನಾನು ರತ್ನಳ ಕಡೆ ನೋಡಿದೆ. ಕಥೆಯ ಅಣ್ಣತಮ್ಮಂದಿರು ತನ್ನದೇ ಮನೆಯವರು ಎಂದು ಅವಳು ಒಮ್ಮೆಯೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

“ಹಳೇದು ತಂದಿದ್ದೀಯಾ?” ಎಂದೆ.

ತಂದಿದ್ದಳು, ನನ್ನ ಕೆಂಪು ಗೀಟಿನ ಸಮೇತ. ಆ ದೃಶ್ಯ ಒಂದೂವರೆ ಪುಟ. ಅಣ್ಣನ ಸರದಿ ಹನ್ನೊಂದು ಗಂಟೆಯವರೆಗೆ. ಹತ್ತು ನಿಮಿಷ ಮೊದಲೇ ಅವನು ತನ್ನ ಕಡೆಯ ವಾಲ್ವ್ ಮುಚ್ಚಿ ತಮ್ಮನ ಕಡೆಯದನ್ನು ತೆರೆದು, ಹಸುವಿಗೆ ಹೇಳುತ್ತಾನೆ: “ನಂದು ಸಾಕು ಬಿಡೇ, ನೆಲ ಜೌಗಾಗೈತೆ.” ತಮ್ಮ ಅದೇ ಹಸುವಿಗೆ: “ಯಾರ್ಗಾನ ಜಾಸ್ತಿ ಆಗಿದ್ರೆ ನಾವೇನು ಬ್ಯಾಡ ಅಂತೀವಾ?” ಅಷ್ಟೇ.

ಓದಿ ಮುಗಿದಾಗ ಯಾರೂ ನಗಲಿಲ್ಲ. ಅಜ್ಜಿ ಕೇಳಿತು, “ಅವನ ನೆಲ ನಿಜವಾಗ್ಲೂ ಜೌಗಾಗಿತ್ತಾ ರತ್ನೀ?”

“ಇಲ್ಲ ಅಜ್ಜಿ. ಒಣಗೇ ಇತ್ತು.”

“ಅದೇ ಅನ್ಕಂಡೆ,” ಎಂದಿತು ಅಜ್ಜಿ.

ಆಮೇಲೆ ಅಣ್ಣತಮ್ಮಂದಿರು ಒಟ್ಟಿಗೆ ಎದ್ದು ತೋಟದ ಕಡೆ ನಡೆದುಹೋದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ದಯವಿಟ್ಟು ನಂಬಬೇಡಿ. ಅಪ್ಪ ಹುಲ್ಲು ಕೊಯ್ಯಲು ಹೋದರು, ದೊಡ್ಡಪ್ಪ ಅಳಿಯನ ಮನೆಗೆ ಹೋದರು ಎನ್ನುತ್ತಿದ್ದಳು ರತ್ನ. ಅವಳ ನೆನಪು ಸಪ್ಪೆಯಾಗಿದೆ, ಹಾಗಾಗಿ ಅದೇ ನಿಜವಿರಬೇಕು.

ಹಳೆಯ ದೃಶ್ಯವನ್ನೇ ಇಡುವುದೆಂದಾಯಿತು. ಆದರೆ ಅಜ್ಜಿ ಕೇಳಿದ ಪ್ರಶ್ನೆಯನ್ನು ರತ್ನ ಬಿಡಲಿಲ್ಲ. ಊರಿನವರು ಊಹಿಸಿಕೊಂಡದ್ದು ಹೊರಗಿನವರಿಗೆ ಕಾಣುವುದಿಲ್ಲವಲ್ಲ. ವಾಲ್ವ್ ಮುಚ್ಚುವ ಮೊದಲು ಒಂದು ಸಾಲು ಸೇರಿಸಿದಳು: ‘ಅಣ್ಣನ ಗುಲಾಬಿ ಸಾಲು. ಮಣ್ಣು ಒಣಗಿ ಬಿರುಕು ಬಿಟ್ಟಿದೆ.’ ಆ ಚಿತ್ರಕಥೆಗೆ ಬೇಕಾಗಿದ್ದ ತಿದ್ದುಪಡಿ ಅದೊಂದೇ. ನನ್ನ ಆರು ವರ್ಷದ ಪಾಠದ ಅನುಭವಕ್ಕೆ ಅದು ಹೊಳೆದಿರಲಿಲ್ಲ.

ಮಾರ್ಗದರ್ಶಕನಾಗಿ ನಾನೊಂದು ಟಿಪ್ಪಣಿ ಲಗತ್ತಿಸಬೇಕಿತ್ತು. ಮುಖಾಮುಖಿ ಬೇಕೆಂಬ ಸಲಹೆ ನನ್ನದು, ಅದು ತಪ್ಪು ಎಂದು ಬರೆದೆ. ಧೈರ್ಯದಿಂದ ಬರೆದೆ ಎನ್ನಲು ಆಸೆ. ಮೂರು ಸಲ ಹರಿದು ಬರೆದದ್ದು ಮಾತ್ರ ನೆನಪಿದೆ.

ಮೌಖಿಕ ಪರೀಕ್ಷೆಯಲ್ಲಿ, ಕನ್ನಡ ಓದಬಲ್ಲ ಆ ಪರೀಕ್ಷಕರು ತಮಿಳಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಕೊನೆಗೂ ಇವರು ಮಾತಾಡುವುದೇ ಇಲ್ಲವೇನಮ್ಮ?”

ರತ್ನ ತಮಿಳಿನಲ್ಲೇ ಹೇಳಿದಳು: “ಪಿಕ್ಚರ್ ಪೂರ್ತಿ ಮಾತಾಡ್ತಾನೇ ಇದ್ದಾರಲ್ಲ ಸಾರ್.”

ಅವರು ನಲವತ್ತೆರಡನೇ ದೃಶ್ಯಕ್ಕೆ ಪುಟ ತಿರುವಿ ಮತ್ತೊಮ್ಮೆ ಓದಿದರು. ಓದುತ್ತ ಒಣ ಮಣ್ಣಿನ ಸಾಲಿನ ಮೇಲೆ ಬೆರಳು ನಿಲ್ಲಿಸಿದರು. ರತ್ನ ತೇರ್ಗಡೆಯಾದಳು.

ಎದುರುಬದುರು ನಿಂತು ಹೇಳಿದ್ದೇ ಸತ್ಯ ಎಂಬುದನ್ನು ನಾನು ಪುಸ್ತಕಗಳಿಂದ ಕಲಿತಿದ್ದೆ. ಆ ಪುಸ್ತಕ ಬರೆದವರ ಮನೆಗಳಲ್ಲಿ ಹಾಗೇ ಮಾತಾಡುತ್ತಿದ್ದರೇನೋ. ಈಗ ಕೆಂಪು ಪೆನ್ನು ತೆರೆಯುವ ಮೊದಲು ವಿದ್ಯಾರ್ಥಿಯನ್ನು ಕೇಳುತ್ತೇನೆ: ಈ ಮನೆಯಲ್ಲಿ ಮುಖ್ಯವಾದ ಮಾತನ್ನು ಯಾರಿಗೆ ಹೇಳುತ್ತಾರೆ?

ಮರುವರ್ಷ ನಾನು ಆ ಕೆಲಸ ಬಿಟ್ಟು ಬೇರೆ ಕಡೆ ಪಾಠಕ್ಕೆ ಸೇರಿದೆ. ರತ್ನ ಅಲ್ಲೇ ಪಾಠ ಮಾಡುತ್ತಿದ್ದಾಳೆಂದು ಹಳೆಯ ಸಹೋದ್ಯೋಗಿಯೊಬ್ಬ ಹೇಳಿದ. ಅವನೂ ನನ್ನ ಹಾಗೆ ಕಥೆಗೆ ಒಗ್ಗರಣೆ ಹಾಕುವವನು, ಹಾಗಾಗಿ ನಂಬಲಿಲ್ಲ. ಕಳೆದ ತಿಂಗಳು ಹೊಸೂರಿಗೆ ಹೋದಾಗ ವಿಭಾಗದ ಮೆಟ್ಟಿಲು ಹತ್ತಿ ಸೂಚನಾ ಫಲಕದ ವೇಳಾಪಟ್ಟಿ ನೋಡಿದೆ. ಮಂಗಳವಾರ, ಎರಡನೇ ಅವಧಿ, ಸಂಭಾಷಣಾ ರಚನೆ: ಎಂ. ನಾಗರತ್ನ.