ಬ್ಯಾಂಕಾಕ್ ಊಟದ ಫಾರಂ

ಪುಟ್ಟಮಾದಯ್ಯ ನಮ್ಮ ಆಫೀಸಿನ ಮೆಟ್ಟಿಲು ಹತ್ತಿದರೆಂದರೆ ನನ್ನ ಅರ್ಧ ದಿನ ಹೋಯಿತೆಂದೇ ಅರ್ಥ. ದೇವರಾಜ ಮೊಹಲ್ಲಾದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ ನಮ್ಮ ಟೂರ್ ಆಫೀಸು. ಮೂರು ಕುರ್ಚಿ, ಕಿರುಗುಡುವ ಒಂದು ಫ್ಯಾನು, ಗೋಡೆ ತುಂಬ ಸಿಂಗಪುರ, ದುಬೈ. ಬೇರೆ ಗಿರಾಕಿಯಾದರೆ "ನಾಳೆ ಬನ್ನಿ ಸಾರ್" ಅಂದು ಸಾಗಹಾಕಬಹುದು. ಆದರೆ ಅಶೋಕಪುರಂನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಹುಟ್ಟಿದಾಗಿನಿಂದ ಅವರು ದೊಡ್ಡಪ್ಪ, ಅವರ ಹೆಂಡತಿ ಇಂದ್ರಮ್ಮ ದೊಡ್ಡಮ್ಮ. ರಕ್ತಸಂಬಂಧವೇನಿಲ್ಲ, ಬೀದಿಯ ಸಂಬಂಧ. ಅದನ್ನು ದಾಟುವುದು ಇನ್ನೂ ಕಷ್ಟ.

ದೊಡ್ಡಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದವರು. ಗಾಲಿಗೆ ಸುತ್ತಿಗೆಯಲ್ಲಿ ಒಂದೇಟು ತಟ್ಟಿ, ಬರುವ ಸದ್ದಿನಲ್ಲೇ ಬಿರುಕು ಇದೆಯೋ ಇಲ್ಲವೋ ಹೇಳುತ್ತಿದ್ದರಂತೆ. ನಿವೃತ್ತಿಯಾಗಿ ಆರು ವರ್ಷವಾದರೂ ಆ ಚಾಳಿ ಬಿಟ್ಟಿಲ್ಲ. ತೆಂಗಿನಕಾಯಿ, ನೀರಿನ ಡ್ರಮ್ಮು, ನನ್ನ ಮೇಜು, ಯಾವುದು ಕಂಡರೂ ಬೆರಳ ಗೆಣ್ಣಿನಲ್ಲಿ ತಟ್ಟಿ ಕಿವಿ ಕೊಡುತ್ತಾರೆ. "ಎಡಗಾಲು ಸಡ್ಲ ಆಗ್ಯದೆ ಕಣವ್ವ," ಅಂತ ತೀರ್ಪು ಕೊಟ್ಟು ಆಮೇಲೆ ಕೂರುತ್ತಾರೆ.

ಅವರು ಹೊರಟಿದ್ದು ಬ್ಯಾಂಕಾಕಿಗೆ. ನಾಲ್ಕು ಹಗಲು, ಮೂರು ರಾತ್ರಿ. ಅವರ ಮನೆಯ ನಡುಮನೆಯಲ್ಲಿ ಬಾಬಾಸಾಹೇಬರ ಫೋಟೋ ಪಕ್ಕ ಮಲಗಿದ ಬುದ್ಧನ ಹಳೇ ಕ್ಯಾಲೆಂಡರ್ ಚಿತ್ರ ಒಂದಿದೆ, ಆ ಬುದ್ಧ ಇರುವುದು ಬ್ಯಾಂಕಾಕಿನಲ್ಲಿ. 'ದೇಶ ಸುತ್ತಬೇಕು, ಕೋಶ ಓದಬೇಕು' ಅನ್ನುತ್ತಾ ಬಂದ ಮನುಷ್ಯ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಟೈಂಟೇಬಲ್ ಬರೆದು ತಂದಿದ್ದರು. ಬುದ್ಧ 9.40. ದೋಣಿ 11.15. ನಾನು ನಗು ತಡೆದುಕೊಂಡು ನೋಡಿದೆ. ಊಟಕ್ಕೆ ಮಾತ್ರ ಎರಡೂವರೆ ಗಂಟೆ ಬಿಟ್ಟಿದ್ದರು.

"ಇದೇನು ದೊಡ್ಡಪ್ಪ, ಬುದ್ಧನಿಗೆ ಒಂದೂವರೆ ಗಂಟೆ, ಊಟಕ್ಕೆ ಎರಡೂವರೆ?"

ಅವರು ಮೇಜು ತಟ್ಟುವುದನ್ನು ನಿಲ್ಲಿಸಿದರು. ಯುಗಾದಿ ಆದ ಮೇಲೆ ದೊಡ್ಡಮ್ಮನಿಗೆ ಪಿತ್ತಕೋಶದ ಕಲ್ಲು ತೆಗೆಸಿದ್ದು ನನಗೂ ಗೊತ್ತಿತ್ತು. ಆಸ್ಪತ್ರೆಯಲ್ಲಿ ದೊಡ್ಡಮ್ಮ ಏನು ಕೊಟ್ಟರೂ ಮುಟ್ಟುತ್ತಿರಲಿಲ್ಲವಂತೆ. ನರ್ಸಮ್ಮ ಕೇಳಿದಳಂತೆ, "ಯಜಮಾನ್ರೇ, ಇವ್ರಿಗೇನಿಷ್ಟ ಹೇಳಿ, ಅದನ್ನೇ ಕೊಡೋಣ."

"ಏನಿಷ್ಟ ಅಂತ ನಂಗೇ ಗೊತ್ತಿರ್ಲಿಲ್ಲ ಮಾಲಾ. ಮೂವತ್ತಾರು ವರ್ಷ ಅವಳ ಕೈಲಿ ಉಂಡಿವ್ನಿ. ಅವಳು ಉಣ್ಣೋದ ಒಂದಿನ ಕೂತು ನೋಡಿಲ್ಲ. ಅಲ್ಲಿ ಯಾರೋ ಮಾಡ್ತಾರೆ, ಯಾರೋ ಬಡಿಸ್ತಾರೆ. ಇವಳು ಕುರ್ಚಿ ಮೇಲೆ ಕೂತು ತನಗಿಷ್ಟವಾದ್ದ ಬಿಸಿಬಿಸಿಯಾಗಿ ಉಣ್ಬೇಕು. ಬುದ್ಧ ಎಲ್ಲೂ ಓಡೋಗಲ್ಲ ಬುಡು, ಮಲ್ಗವ್ನೆ."

ಅವರನ್ನು ಆವತ್ತಿನಷ್ಟು ಪ್ರೀತಿಯಿಂದ ನಾನು ಎಂದೂ ನೋಡಿರಲಿಲ್ಲ. ಅದಕ್ಕೇ ಟೂರಿನವರ ಊಟದ ಫಾರಂ ಕೈಗೆ ಕೊಟ್ಟೆ. ಕೊನೆಯ ದಿನ ನದಿ ದಂಡೆಯ ಹೋಟೆಲಿನಲ್ಲಿ ಒಂದು ಊಟ ಅವರವರಿಗೆ ಬೇಕಾದ್ದು, ಮೊದಲೇ ಬರೆದು ಕಳಿಸಬೇಕು, ಒಬ್ಬೊಬ್ಬರಿಗೆ ಒಂದೊಂದು ಕಾಲಂ. ದೊಡ್ಡಪ್ಪ ತಮ್ಮ ಕಾಲಂ ನಿಂತಲ್ಲೇ ತುಂಬಿದರು: ಮೀನು ಫ್ರೈ, ಕೋಳಿ, ಅನ್ನ, ಖಾರ ಜಾಸ್ತಿ. ಇಂದ್ರಮ್ಮನ ಕಾಲಂ ಹತ್ತಿರ ಪೆನ್ನು ನಿಂತಿತು. ಮನೆಗೆ ಒಯ್ಯುತ್ತೇನೆಂದರು.

ಹೆಂಡತಿಯನ್ನು ಕೇಳಿದರೆ ಮುಗಿಯುವ ಕೆಲಸ. ಕೇಳಿದರಂತೆ. "ಏನಾದ್ರೂ ಸರಿ," ಅಂದರಂತೆ ದೊಡ್ಡಮ್ಮ. ಹೋಟೆಲಿಗೆ ಕರೆದುಕೊಂಡು ಹೋದರೆ ಗಂಡನಿಗೆ ಇಷ್ಟವಾದ್ದನ್ನೇ ಹೇಳಿ, ಬಂದದ್ದರಲ್ಲಿ ಅರ್ಧ ಅವರ ತಟ್ಟೆಗೆ ತಳ್ಳಿದರಂತೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರೆ. ನಮ್ಮ ದೊಡ್ಡಮ್ಮನಿಗೆ ಎರಡೂ ಪರರಿಚ್ಛೆಯೇ.

ಆಗ ದೊಡ್ಡಪ್ಪ ತಮಗೆ ಗೊತ್ತಿದ್ದ ದಾರಿ ಹಿಡಿದರು. ಇನ್‌ಸ್ಪೆಕ್ಷನ್! ತಾವು ಉಂಡು ಕೈತೊಳೆದ ಮೇಲೆ ಅಡುಗೆಮನೆ ಬಾಗಿಲಲ್ಲಿ ಪೇಪರ್ ಓದುವ ಹಾಗೆ ಕೂತು, ಹೆಂಡತಿ ಏನು ತಿನ್ನುತ್ತಾಳೆಂದು ಎಂಟು ದಿನ ನೋಡಿ ಗುರುತು ಹಾಕಿಕೊಂಡರು. "ಯಾಕ್ರೀ ಅಂಗ್ ನೋಡ್ತೀರಿ? ನಾನೇನ್ ಕದ್ದು ತಿಂತಿದ್ದೀನಾ?" ಅಂತ ದೊಡ್ಡಮ್ಮ ರೇಗಿದ್ದು ಗೋಡೆಯಾಚೆ ನಮಗೂ ಕೇಳಿಸಿತು.

ಒಂಬತ್ತನೇ ದಿನ ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದರು.

"ಸಿಕ್ತು ಕಣವ್ವ! ಎಂಟು ದಿನವೂ ಒಂದೇ. ತಪ್ಪೋ ಮಾತೇ ಇಲ್ಲ."

ಫಾರಂ ನೋಡಿದೆ. ಇಂದ್ರಮ್ಮನ ಕಾಲಮಿನಲ್ಲಿ ದುಂಡು ಅಕ್ಷರ: ತಂಗಳು ಮುದ್ದೆ. ತಳದ ಸಾರು, ತಣ್ಣಗಿರಬೇಕು. ಪಲ್ಯ ಬೇಡ.

ಮೊದಲು ನಗು ಬಂತು. ಅದರ ಬೆನ್ನಿಗೇ ಸಿಟ್ಟು ಬಂತು. ನನ್ನ ಸಿಟ್ಟು ಹಾಗೇ, ಬಂದರೆ ಹಿಂದೆಮುಂದೆ ನೋಡುವುದಿಲ್ಲ.

"ದೊಡ್ಡಪ್ಪ, ಇದು ದೊಡ್ಡಮ್ಮನಿಗೆ ಇಷ್ಟವಾದ್ದಲ್ಲ. ನೀವು ಉಂಡ ಮೇಲೆ ಉಳಿದದ್ದು."

ಅವರು ಫಾರಂ ನೋಡಿದರು. ಮತ್ತೆ ನನ್ನ ಮುಖ ನೋಡಿದರು. ಬೆರಳು ತಾನಾಗಿ ಮೇಜಿಗೆ ಹೋಗಿ ಎರಡು ಸಲ ತಟ್ಟಿತು, ಆದರೆ ಅವರು ಕಿವಿ ಕೊಡಲಿಲ್ಲ.

"ಗಾಲಿ ಬಿರುಕೆಲ್ಲ ಕೇಳ್ತಿತ್ತಲ್ಲವ್ವ ನಂಗೆ," ಅಂದು ಕಂಬಿ ಹಿಡಿದು ಮೆಟ್ಟಿಲಿಳಿದರು.

ಇಳಿವಯಸ್ಸಿನವರಿಗೆ ಹಾಗೆ ಅನ್ನಬಾರದಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿದೆ. ಅವ್ವ ಕಟ್ಟಿಕೊಟ್ಟ ಚಪಾತಿ, ನನಗಿಷ್ಟವಾದ ಬದನೆಕಾಯಿ ಎಣ್ಣೆಗಾಯಿ. ಅವ್ವನಿಗೆ ಏನಿಷ್ಟ ಅಂತ ಯಾರಾದರೂ ಫಾರಂ ಕೊಟ್ಟಿದ್ದರೆ ನಾನು ಏನು ಬರೆಯುತ್ತಿದ್ದೆ? ನನಗೂ ಗೊತ್ತಿರಲಿಲ್ಲ.

ಅದಾದ ನಾಲ್ಕನೇ ದಿನ ಇಬ್ಬರೂ ಬಂದರು. ದೊಡ್ಡಮ್ಮ ಮುಂದೆ, ದೊಡ್ಡಪ್ಪ ಹಿಂದೆ.

"ಏನ್ ಹೇಳ್ಕೊಟ್ಟೇ ನನ್ನ ಗಂಡಂಗೆ? ಮೂರು ದಿನದಿಂದ ಮೊದ್ಲು ನಿಂಗೇ ಬಡಿಸ್ತೀನಿ ಅಂತ ಕೈಲಿರೋ ಸೌಟ್ ಕಿತ್ಕೋತಾರೆ. ತಟ್ಟೆಗಿಂತ ನೆಲಕ್ಕೇ ಜಾಸ್ತಿ ಸಾರು. ಒರೆಸೋಳು ನಾನು!"

ದೊಡ್ಡಪ್ಪ ನೆಲ ನೋಡುತ್ತಿದ್ದರು. ನಾನು ಹೊಸ ಫಾರಂ ತೆಗೆದು, ದೊಡ್ಡಪ್ಪ ಮೊದಲು ತುಂಬಿದ್ದನ್ನೆಲ್ಲ ಅವರ ಕಾಲಮಿನಲ್ಲಿ ಬರೆದು, ದೊಡ್ಡಮ್ಮನ ಮುಂದಿಟ್ಟೆ. "ನಿಮ್ಮದು ನೀವೇ ಬರೀರಿ."

ದೊಡ್ಡಮ್ಮ ಪೆನ್ನು ಹಿಡಿದು ಗಂಡನ ಕಡೆ ತಿರುಗಿದರು. "ನೀವ್ ವಸಿ ಕೆಳಗೋಗಿ ಟೀ ತನ್ನಿ."

ಅವರು ಇಳಿದ ಸದ್ದು ನಿಂತ ಮೇಲೆ ದೊಡ್ಡಮ್ಮ ನನ್ನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. "ಅಲ್ಲಿ ಏಡಿ ಸಿಗ್ತದಾ ಮಾಲಾ?"

ಕಬಿನಿ ದಂಡೆಯ ಊರಲ್ಲಿ ಹುಟ್ಟಿದ ಹೆಣ್ಣು. ಗದ್ದೆ ಬದುವಿನ ಬಿಲಕ್ಕೆ ಕೈಹಾಕಿ ಏಡಿ ಹಿಡಿದು, ಅಲ್ಲೇ ಕೆಂಡದಲ್ಲಿ ಸುಟ್ಟು, ಕಾಲು ಮುರಿದು ಚೀಪುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲವಂತೆ. ಹೇಳುತ್ತಾ ಬೆರಳುಗಳು ಇಲ್ಲದ ಏಡಿಯ ಕಾಲು ಮುರಿಯುತ್ತಿದ್ದವು. ಮದುವೆಯಾದ ಹೊಸದರಲ್ಲಿ ಆಸೆಪಟ್ಟು ಏಡಿ ಸಾರು ಮಾಡಿದರಂತೆ. ಒಂದು ತುತ್ತಿಗೇ ದೊಡ್ಡಪ್ಪನ ಮೈಯೆಲ್ಲ ಗಂಧೆ ಎದ್ದು, ಕಣ್ಣು ಊದಿ ಮುಚ್ಚಿಹೋಗಿ, ಆಸ್ಪತ್ರೆಗೆ ಹೊತ್ತೊಯ್ದರಂತೆ. ಆವತ್ತೇ ಕೊನೆ.

"ಕೇಳಿದ್ರೆ ತಂದ್ಕೊಡ್ತಿದ್ರು ಕಣೇ. ಆಮೇಲೆ ನಾನ್ ತಿನ್ನೋದ್ ನೋಡಿ ಬಾಯ್ ಚಪಲಕ್ಕೆ ತಾವೂ ತಿಂದ್ಬುಟ್ರೆ? ಅದಕ್ಕೇ ಬಾಯಿ ಬುಡ್ಲಿಲ್ಲ."

ಕಾಲಮಿನಲ್ಲಿ ಎರಡೇ ಅಕ್ಷರ ಬರೆದರು. ಏಡಿ.

ದೊಡ್ಡಪ್ಪ ಮೂರು ಲೋಟ ಟೀ ಹಿಡಿದು ಬಂದರು. ಮೇಜಿನ ಮೇಲಿಟ್ಟು ಫಾರಂ ಎತ್ತಿಕೊಂಡರು. ಎರಡಕ್ಷರ ಓದಲು ಎಷ್ಟು ಹೊತ್ತು ಬೇಕು? ಅವರಿಗೆ ಬಹಳ ಹೊತ್ತು ಬೇಕಾಯಿತು.

"ಆವತ್ತಿಂದಾನಾ?"

"ಹೂಂ. ಈಗ್ಯಾಕೆ ಬುಡಿ ಅದೆಲ್ಲ."

ಅವರು ಕೂತರು. ಪೆನ್ನು ತೆಗೆದುಕೊಂಡು ತಮ್ಮ ಕಾಲಮಿನ ಮೀನು, ಕೋಳಿ, ಅನ್ನ, ಖಾರ ಎಲ್ಲದರ ಮೇಲೆ ಒಂದು ಗೆರೆ ಎಳೆದರು. ಕೆಳಗೆ ನಿಧಾನವಾಗಿ, ದುಂಡಗೆ ಬರೆದರು: ಇಂದ್ರಮ್ಮ ಉಂಡ ಮೇಲೆ ಉಳಿದದ್ದು. ತಣ್ಣಗಿದ್ದರೂ ಸರಿ.

ದೊಡ್ಡಮ್ಮ ಅದನ್ನು ಓದಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಫಾರಂ ನನ್ನ ಕಡೆ ತಳ್ಳಿ, "ಏಡಿ ಒಂದ್ ಬುಟ್ಟು ಅಂತ ಸೇರ್ಸು ಮಾಲಾ. ಇವರ್ನ ನಂಬಕ್ಕಾಗಲ್ಲ," ಅಂದರು.

"ಮೊದ್ಲು ನೀನ್ ಕುಡಿ. ಆರೋಯ್ತದೆ," ಅಂತ ದೊಡ್ಡಪ್ಪ ಒಂದು ಲೋಟ ಎತ್ತಿ ಕೈಗೆ ಕೊಟ್ಟರು. ದೊಡ್ಡಮ್ಮ ನಮ್ಮಿಬ್ಬರ ಲೋಟಗಳನ್ನು ಒಮ್ಮೆ ನೋಡಿದರು. ಆಮೇಲೆ, ನಾವಿನ್ನೂ ಮುಟ್ಟುವ ಮೊದಲೇ, ಹಬೆಯಾಡುವ ಟೀಯನ್ನು ಊದಿ ಊದಿ ಕುಡಿದರು.