ಬಚ್ಚಲಮನೆಯಲ್ಲಿ ತಯಾರಾದ ಒಂದು ಆಲ್ಬಮ್

ಇದನ್ನು ಬರೆಯಬೇಕೆಂದು ಕುಳಿತು, ಬರೆಯದೆ ಎದ್ದದ್ದು ಬಹಳ ಸಲ ಆಯಿತು. ಕನ್ನಡಕ ಸರಿಯಿಲ್ಲ ಎಂದುಕೊಂಡೆ. ಓದಿದ್ದು ಎಸ್ಸೆಸ್ಸೆಲ್ಸಿ, ನನಗೇನು ಬರೆಯಲು ಬರುತ್ತದೆ ಎಂದುಕೊಂಡೆ. ಎಲ್ಲವೂ ನೆಪ. ಬರೆದರೆ ತಪ್ಪು ಒಪ್ಪಿಕೊಳ್ಳಬೇಕಾಗುತ್ತದೆ, ಅದಕ್ಕೇ ಮುಂದೂಡಿದೆ. ಈಗಲೂ ಬರೆಯುತ್ತಿರಲಿಲ್ಲವೇನೋ. ಆದರೆ ಹೋದ ತಿಂಗಳು ಶಿವಮೊಗ್ಗದ ಒಂದು ಮಹಡಿ ಕೋಣೆಯಲ್ಲಿ ಒಬ್ಬ ಯುವಕ ಆಡಿದ ಮಾತಿಗೆ ಮೈ ಉರಿದುಹೋಯಿತು. ಆ ಉರಿ ಆರುವ ಮೊದಲು ಬರೆದುಬಿಡುತ್ತೇನೆ.

ನಾನು ಭದ್ರಾವತಿಯ ಕಾರ್ಖಾನೆಯೊಂದರ ರೋಲಿಂಗ್ ಮಿಲ್ಲಿನಲ್ಲಿ ದುಡಿದವನು. ಕೆಂಪಗೆ ಕಾದ ಕಬ್ಬಿಣ ರೋಲರುಗಳ ನಡುವೆ ನುಗ್ಗುವಾಗ ಬರುವ ಸದ್ದಿನ ಪಕ್ಕದಲ್ಲೇ ನನ್ನ ವಯಸ್ಸೆಲ್ಲ ಕಳೆಯಿತು. ನಿವೃತ್ತನಾದ ಮೇಲೆ ಹೆಂಡತಿಯ ಜೊತೆ ಶಿವಮೊಗ್ಗದ ಗೋಪಾಳ ಬಡಾವಣೆಗೆ ಬಂದೆ. ಇಲ್ಲಿ ಮಧ್ಯಾಹ್ನದ ಹೊತ್ತು ಬೀದಿ ಎಷ್ಟು ಸದ್ದಿಲ್ಲದೆ ತಣ್ಣಗಿರುತ್ತದೆಂದರೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಒಂದು ದಿನ ಫೋನಿನಲ್ಲಿ ರೋಲಿಂಗ್ ಮಿಲ್ ಸೌಂಡ್ ಎಂದು ಹುಡುಕಿದೆ. ಯಾವುದೋ ದೇಶದ ಮಿಲ್ಲಿನ ಸದ್ದು ಸಿಕ್ಕಿತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದನ್ನು ಕೇಳುತ್ತ ಮಲಗಿದೆ, ಮಗುವಿನ ಹಾಗೆ ನಿದ್ದೆ ಬಂತು. ಎಚ್ಚರವಾದಾಗ ಫೋನು ತಾನಾಗಿಯೇ ಮುಂದಿನದಕ್ಕೆ ಹೋಗಿತ್ತು. ಅದರಲ್ಲೂ ಕಬ್ಬಿಣದ ಸದ್ದೇ, ಆದರೆ ಒಳಗೊಂದು ಲೆಕ್ಕ ಇತ್ತು. ತಗಡು ಬಡಿಯುವವನು ಎಲ್ಲಿ ಬಡಿಯಬಾರದು ಎನ್ನುವುದನ್ನೂ ಬಲ್ಲವನಾಗಿದ್ದ. ಅದು ಕಾರ್ಖಾನೆಯಲ್ಲ, ಯಾರೋ ಬೇಕೆಂದೇ ಮಾಡಿದ ಸಂಗೀತದ ಆಲ್ಬಮ್ ಎಂದು ತಿಳಿಯಲು ನನಗೆ ಸುಮಾರು ದಿನ ಬೇಕಾಯಿತು.

ಅಲ್ಲಿಂದ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಮೆಟಲ್ ಎನ್ನುವ ಅಬ್ಬರದ ಸಂಗೀತ ಸಿಕ್ಕಿತು, ಪಂಕ್ ಎನ್ನುವ ಕಿರುಚಾಟದ ಸಂಗೀತ ಸಿಕ್ಕಿತು. ದೊಡ್ಡ ಹೆಸರಿನವರು ನನಗೆ ಹಿಡಿಸಲಿಲ್ಲ. ಯಾರೂ ಕೇಳದೆ ಬಿಟ್ಟವನ್ನೇ ಹುಡುಕಿ ಹುಡುಕಿ ಕೇಳಿದೆ. ಬಂದರಿನ ಊರೊಂದರ ನಾಲ್ಕು ಜನ ಮಾಡಿದ ಮೆಟಲ್ ಆಲ್ಬಮ್ ಒಂದಿದೆ. ಗಿಟಾರು ಲಾರಿ ಏರು ಹತ್ತುವಷ್ಟು ನಿಧಾನ, ಅಷ್ಟೇ ಭಾರ. ಬಟ್ಟೆ ಗಿರಣಿಯ ಹೆಂಗಸರು ಮಾಡಿದ ಪಂಕ್ ಇದೆ. ಅದರ ಒಂದೊಂದು ಹಾಡೂ ಹಾಲು ಕಾಯುವಷ್ಟರಲ್ಲಿ ಮುಗಿದುಹೋಗುತ್ತದೆ, ಆದರೆ ಬೈಗುಳ ಮಾತ್ರ ಇಡೀ ದಿನ ಕಿವಿಯಲ್ಲಿ ಉಳಿಯುತ್ತದೆ. ಒಬ್ಬ ಪುಣ್ಯಾತ್ಮ ತನ್ನ ಮನೆಯ ಬಾಗಿಲುಗಳ ಕೀರಲು ಸದ್ದನ್ನಷ್ಟೇ ಜೋಡಿಸಿ ಆಲ್ಬಮ್ ಮಾಡಿದ್ದಾನೆ. ಇವಕ್ಕೆಲ್ಲ ಕೇಳುಗರೇ ಇಲ್ಲ. ಫೋನಿನಲ್ಲಿ ಆ ಹಾಡುಗಳ ಕೆಳಗೆ ಯಾರೂ ಒಂದು ಮಾತು ಬರೆದಿಲ್ಲ. ಕೇಳುತ್ತ ಕೇಳುತ್ತ ಆ ಊರುಗಳ ಜನರ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ತಮ್ಮ ಬೀದಿಯಲ್ಲೇ ಇಂಥದ್ದು ಹುಟ್ಟಿದಾಗ ಇವರ ಕಿವಿಗೇನು ಹತ್ತಿ ತುರುಕಿತ್ತೇ? ಆ ಸಿಟ್ಟು ನನಗೆ ಹಿತವಾಗಿತ್ತು. ಬೇರೆ ಊರಿನವರನ್ನು ಬೈಯುವುದು ಸುಲಭ.

ಪಾರ್ಕಿನಲ್ಲಿ ಜೊತೆಗೆ ನಡೆಯುವ ಗೆಳೆಯನಿಗೆ ಒಂದು ಸಲ ಕೇಳಿಸಿದೆ. ಅವನು ಹಿಂದೆ ಬ್ಯಾಂಕಿನಲ್ಲಿದ್ದವನು. ಇಯರ್‌ಫೋನನ್ನು ಕಿವಿಯಿಂದ ಕಿತ್ತು ನನ್ನ ಕೈಗೆ ಕೊಟ್ಟ.

"ಏನ್ ಮಾರಾಯ, ಈ ವಯಸ್ಸಲ್ಲಿ ಎರಡು ದೇವರ ನಾಮ ಕೇಳೋದು ಬಿಟ್ಟು ಇದೇನು ನಾಯಿ ಅಟ್ಟಿಸ್ಕೊಂಡು ಬಂದಂಗೆ ಕೂಗ್ತಾರೆ."

"ಗಣಪತಿ ಬಿಡೋ ದಿನ ನಿಮ್ಮನೆ ಮುಂದೆ ಡಿಜೆ ನಿಲ್ಸಿದ್ರಲ್ಲ. ನಿಮ್ಮ ಶೋಕೇಸಿನ ಗಾಜು ಬಿರುಕು ಬಿಡ್ತು. ಆಗ ನೀನು ಹೊರಗೆ ಬಂದು ಕೈ ಮುಗಿದೆ."

"ಅದು ಬೇರೆ ಮಾರಾಯ. ಅದು ಭಕ್ತಿ."

"ಗಾಜಿಗೆ ಗೊತ್ತಾಗುತ್ತಾ ಭಕ್ತಿ?"

ಅವನು ಮುಂದೆ ನಡೆದ. ನಮ್ಮ ಊರುಗಳ ಬುದ್ಧಿಯೇ ಇದು. ಹತ್ತು ಜನ ಸೇರಿ ಎಬ್ಬಿಸಿದರೆ ಸಂಭ್ರಮ, ಮೂರು ಜನ ಮನೆಯೊಳಗೆ ಕೂತು ಮಾಡಿದರೆ ಗಲಾಟೆ. ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು, ಮಿಲ್ಲಿನ ಸದ್ದಿಗೆ ಮಕ್ಕಳನ್ನು ಮಲಗಿಸಿದ ಊರಿನವರು ನಾವು. ನಮಗೆ ಯಾವುದು ಗಲಾಟೆ ಎಂದು ತೀರ್ಮಾನಿಸುವ ಹಕ್ಕು ಎಲ್ಲಿಂದ ಬಂತು?

ಇಂಥ ಆಲ್ಬಮ್‌ಗಳನ್ನು ಒಟ್ಟಿಗೆ ಕೂತು ಕೇಳುವ ಕೆಲವರು ಶಿವಮೊಗ್ಗದಲ್ಲೇ ಇದ್ದಾರೆಂದು ತಿಳಿದಾಗ ಖುಷಿಯಿಂದ ಹೋದೆ. ಮೊಬೈಲ್ ಅಂಗಡಿಯ ಮೇಲಿನ ಕೋಣೆ, ಭಾನುವಾರ ಸಂಜೆ. ಎಲ್ಲರೂ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ವಯಸ್ಸಿನವರು. ನನ್ನನ್ನು ಮೊದಲು ಬಾಡಿಗೆ ವಸೂಲಿಗೆ ಬಂದವನೆಂದು ತಿಳಿದರು. ಆಮೇಲೆ ಕುರ್ಚಿ ಕೊಟ್ಟು, ಟೀ ಕೊಟ್ಟು, ಒಳ್ಳೆಯ ಸ್ಪೀಕರಿನಲ್ಲಿ ಎರಡು ಆಲ್ಬಮ್ ಕೇಳಿಸಿದರು. ಅವರಲ್ಲಿ ಗಡ್ಡ ಬಿಟ್ಟ ಒಬ್ಬ ಯುವಕ ಮಾತಿಗೆ ನಿಂತ. ದೇಶ ದೇಶಗಳ ಮೂಲೆ ಮೂಲೆಯಿಂದ ಬಂದ ಇಂಥ ಸಂಗೀತದ ಕತೆ ಹೇಳಿ ಕೊನೆಗೆ ಅಂದ:

"ನಮ್ಮ ಶಿವಮೊಗ್ಗ, ಭದ್ರಾವತಿ ಕಡೆಯಿಂದ ಇಂಥದ್ದೊಂದೂ ಬಂದಿಲ್ಲ. ನಮ್ಮ ಹಿಂದಿನವರಿಗೆ ಭಜನೆ, ಸಿನಿಮಾ ಹಾಡು ಬಿಟ್ರೆ ಧೈರ್ಯನೇ ಇರ್ಲಿಲ್ಲ. ಅದ್ರಲ್ಲೂ ಹೆಂಗಸರು, ಬಿಡಿ."

ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ನೋಡಿದರೆ ನಾನು ಎದ್ದು ನಿಂತಿದ್ದೆ.

"ಬಂದಿತ್ತು," ಎಂದೆ. "ಭದ್ರಾವತಿ ಕ್ವಾರ್ಟರ್ಸಲ್ಲೇ ಆಗಿತ್ತು. ಒಬ್ಬ ಹೆಂಗಸೇ ಹಾಡಿದ್ದು."

ಎಲ್ಲರೂ ತಿರುಗಿದರು. ಗಡ್ಡದವನ ಮುಖ ಅರಳಿತು. "ಯಾವ ಬ್ಯಾಂಡು ಅಂಕಲ್? ಎಲ್ಲಿ ಸಿಗುತ್ತೆ?"

"ಹೆಸರಿಟ್ಟಿರ್ಲಿಲ್ಲ. ಒಂದೇ ಕ್ಯಾಸೆಟ್ ಇತ್ತು. ಹಾಳಾಯ್ತು."

"ಹೆಂಗೆ ಹಾಳಾಯ್ತು?"

ನಾನು ಕೊಡೆ ತೆಗೆದುಕೊಂಡು ಮೆಟ್ಟಿಲು ಇಳಿದೆ. ಬಸ್ ಸ್ಟ್ಯಾಂಡ್ ಬರುವವರೆಗೂ ಅವನನ್ನು ಬೈಯುತ್ತಲೇ ನಡೆದೆ. ಧೈರ್ಯವಿರಲಿಲ್ಲವಂತೆ. ಇವನಿಗೇನು ಗೊತ್ತು? ಧೈರ್ಯವಿದ್ದವರು ನನ್ನ ಮನೆಯಲ್ಲೇ ಇದ್ದರು. ಧೈರ್ಯವಿಲ್ಲದವನೂ ಅದೇ ಮನೆಯಲ್ಲಿ ಒಬ್ಬನಿದ್ದ, ನಾನು.

ಆಗ ನಮಗೆ ಮದುವೆಯಾಗಿ ಕೆಲವು ವರ್ಷವಾಗಿತ್ತು. ಹೆಂಡತಿಯ ತಮ್ಮ ಡಿಪ್ಲೊಮಾ ಓದಲು, ಕಾರ್ಖಾನೆ ಕೊಟ್ಟಿದ್ದ ನಮ್ಮ ಕ್ವಾರ್ಟರ್ಸಿನಲ್ಲೇ ಉಳಿದಿದ್ದ. ಪಕ್ಕದ ಲೈನಿನ ಸಾಲುಮನೆಯ ತಮಿಳರ ಹುಡುಗನೊಬ್ಬ ಅವನ ಗೆಳೆಯ, ಅವನ ಹತ್ತಿರ ಹಳೇ ಗಿಟಾರು. ಅದಕ್ಕೆ ವೈರು ಕಟ್ಟಿ ನಮ್ಮ ಕೆಟ್ಟ ರೇಡಿಯೋಗೆ ಸಿಕ್ಕಿಸಿದರೆ ಗರಗಸದಂಥ ಸದ್ದು ಬರುತ್ತಿತ್ತು. ಭಾವಮೈದುನ ಎಣ್ಣೆ ಡಬ್ಬ, ಗುಜರಿ ತಗಡು ಇಟ್ಟುಕೊಂಡು ಬಡಿಯುತ್ತಿದ್ದ. ಬಚ್ಚಲಮನೆಯಲ್ಲಿ ಸದ್ದು ಚೆನ್ನಾಗಿ ಗುಂಯ್ಗುಡುತ್ತದೆಂದು ಹಂಡೆಯ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟು, ನಾನು ಡ್ಯೂಟಿಗೆ ಹೋದಾಗ ರೆಕಾರ್ಡ್ ಮಾಡುತ್ತಿದ್ದರು. ಒಂದು ದಿನ ನನ್ನ ಹೆಂಡತಿ ಬಾಗಿಲು ತಳ್ಳಿ, "ಅನ್ನ ಆರೋಯ್ತು, ಉಣ್ಣಕ್ಕೆ ಬನ್ರೋ," ಎಂದು ಕೂಗಿದಳು. ಅದೂ ರೆಕಾರ್ಡ್ ಆಯಿತು. ಹಾಕಿ ಕೇಳಿದರೆ ಅಷ್ಟು ಸದ್ದಿನ ನಡುವೆ ಆ ಕೂಗು ಒಂದೇ ಎದ್ದು ನಿಂತಿತ್ತಂತೆ. ಇನ್ನೊಂದು ಸಲ ಕೂಗು ಅಕ್ಕಾ ಎಂದು ತಮ್ಮ ಗಂಟುಬಿದ್ದ. ಹಾಗೆ ಶುರುವಾಯಿತು.

ನನಗೆ ಇದು ತಿಳಿದದ್ದು ಮಿಲ್ಲಿನಲ್ಲಿ. ಜೊತೆಯ ಕೆಲಸಗಾರ ಬುತ್ತಿ ಬಿಚ್ಚುತ್ತ ಅಂದ:

"ಏನಪ್ಪಾ, ನಿಮ್ಮನೇಲಿ ಇನ್ನೊಂದು ಫರ್ನೇಸ್ ಹಾಕಿದಾರಂತೆ. ನಮ್ಮನೆಯವಳು ಹೇಳ್ತಿದ್ಲು, ನಿಮ್ಮನೆಯವ್ರು ಮೈಮೇಲೆ ಬಂದಂಗೆ ಕಿರುಚ್ತಾರಂತೆ. ನಿಂಬೆಹಣ್ಣು ಇಳಿ ತೆಗೆಸೋ."

ಸುತ್ತ ಕೂತವರು ನಕ್ಕರು. ನಾನೂ ನಕ್ಕೆ. ಮಾರನೆಯ ದಿನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಆ ಕ್ಯಾಸೆಟ್ ಹಾಕಿದೆ. ಒಂದೇ ಒಂದು ಸಲ ಕೇಳಿದ್ದು. ಆದರೂ ಇವತ್ತಿಗೂ ಪೂರ್ತಿ ನೆನಪಿದೆ. ಅವಳು ಹಾಡಿರಲಿಲ್ಲ. ದಿನವಿಡೀ ಮನೆಯಲ್ಲಿ ಏನೇನು ಕೂಗುತ್ತಿದ್ದಳೋ ಅದನ್ನೇ ಕೂಗಿದ್ದಳು. ನಲ್ಲೀಲಿ ನೀರು ಬಂತು. ಹಾಲು ಉಕ್ತು. ಸೈರನ್ ಆಯ್ತು. ಬಾಗಿಲು ಹಾಕ್ಕೊಳ್ಳಿ. ಮೊದಲು ಸಾಮಾನ್ಯ ದನಿ, ಆಮೇಲೆ ಅದೇ ಮಾತು ಮತ್ತೆ, ಇನ್ನೂ ಮೇಲೆ, ತಗಡಿನ ಏಟು ಹತ್ತಿರ ಹತ್ತಿರ ಬೀಳುತ್ತ, ಗಿಟಾರು ಕೊಯ್ಯುತ್ತ, ಕೊನೆಗೆ ಮಾತೇ ಹರಿದು ಬರೀ ಕೂಗು ಉಳಿಯುತ್ತಿತ್ತು. ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲಲ್ಲಿ ಸಾಕು ಎನ್ನುವ ಒಂದೇ ಮಾತು. ಅದನ್ನು ಅವಳು ಎಷ್ಟು ಬಗೆಯಲ್ಲಿ ಅಂದಿದ್ದಳು. ಬೇಡಿಕೊಂಡು, ಗದರಿಸಿ, ನಗುತ್ತ, ಹಲ್ಲು ಕಚ್ಚಿ.

ಇವತ್ತು ಯಾವ ದೇಶದ ಆಲ್ಬಮ್ ಕೇಳಿದರೂ ಅದರ ಮುಂದೆ ಸಪ್ಪೆ ಅನ್ನಿಸುತ್ತದೆ. ಅವತ್ತು ನನಗೆ ಅನ್ನಿಸಿದ್ದು ಒಂದೇ. ಇವಳು ಸಾಕು ಎನ್ನುತ್ತಿರುವುದು ನನಗೇ, ಅದನ್ನು ಇಡೀ ಊರಿಗೆ ಕೇಳಿಸುತ್ತಾರೆ. ಕ್ವಾರ್ಟರ್ಸ್ ಗಣಪತಿಯ ಪೆಂಡಾಲಿನಲ್ಲಿ ಅದನ್ನು ಹಾಕಿಸಬೇಕೆಂದು ಹುಡುಗರು ಆಗಲೇ ಮಾತಾಡಿಕೊಂಡಿದ್ದರು.

ಕ್ಯಾಸೆಟ್ಟಿನ ಕಾಲ ನೋಡದವರಿಗಾಗಿ ಒಂದು ಮಾತು ಹೇಳಬೇಕು. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಎಸಳು ಇರುತ್ತಿದ್ದವು. ಅವನ್ನು ಮುರಿದುಬಿಟ್ಟರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ, ಬಟನ್ನೇ ಒತ್ತಲು ಬರುವುದಿಲ್ಲ. ಭಾವಮೈದುನ ಅವೆರಡನ್ನೂ ಸ್ಕ್ರೂಡ್ರೈವರಿನಿಂದ ಮುರಿದು ಹಾಕಿದ್ದ. ಮುರಿದದ್ದರ ಮೇಲೂ ರೆಕಾರ್ಡ್ ಮಾಡಬೇಕೆಂದರೆ ಆ ತೂತಿಗೆ ಅಂಟುಪಟ್ಟಿ ಹಚ್ಚಬೇಕು. ಎಲ್ಲ ಮನೆಯಲ್ಲೂ ಗೊತ್ತಿದ್ದ ಉಪಾಯ ಅದು.

ನಾನು ಅಂಟುಪಟ್ಟಿ ಕತ್ತರಿಸಿ, ಎರಡು ತೂತಿಗೂ ಸುಕ್ಕಿಲ್ಲದ ಹಾಗೆ ಹಚ್ಚಿದೆ. ನಮ್ಮ ಲೈನಿನ ಭಜನಾ ಮಂಡಳಿಯಲ್ಲಿ ನಾನೇ ಮುಂದಾಳು. ಆ ಸಂಜೆಯ ಅಭ್ಯಾಸವನ್ನು ಎರಡೂ ಮಗ್ಗುಲಿಗೆ ತುಂಬಿಸಿದೆ. ದೇವರ ಹೆಸರನ್ನು ಅಂಥ ಕೆಲಸಕ್ಕೆ ಬಳಸಿದೆನಲ್ಲ ಎಂದು ನೆನೆದರೆ ಈಗ ಹೇಸಿಗೆಯಾಗುತ್ತದೆ. ಅವತ್ತು ಹೊಟ್ಟೆ ತಣ್ಣಗಾಗಿತ್ತು.

ಎರಡು ದಿನ ಬಿಟ್ಟು ಹುಡುಗರು ಕ್ಯಾಸೆಟ್ ಹಾಕಿದರು. ನನ್ನ ದನಿ ಬಂತು, ಹಿಂದೆ ತಾಳ ಬಂತು. ತಿರುಗಿಸಿ ಹಾಕಿದರು. ಅಲ್ಲೂ ನಾನೇ.

"ಅಯ್ಯೋ, ಖಾಲಿ ಕ್ಯಾಸೆಟ್ ಅಂದ್ಕೊಂಡೆ ಕಣೋ. ಗೊತ್ತಾಗದೆ ಆಯ್ತು," ಎಂದೆ.

ನನ್ನ ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಕ್ಯಾಸೆಟ್ ಹೊರಗೆ ತೆಗೆದಳು. ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿದಳು.

"ಗೊತ್ತಾಗದೆ ಅಂಟಿಸಿದ್ರಾ?" ಎಂದಳು.

ಅಷ್ಟೇ. ಜಗಳವಾಡಲಿಲ್ಲ. ತಮ್ಮ ಆ ವಾರವೇ ರೂಮು ಮಾಡಿಕೊಂಡು ಹೋದ. ಆಮೇಲೆ ಅವಳು ಅಡುಗೆಮನೆಯಿಂದ ಕೂಗಿ ಕರೆಯುವುದನ್ನೇ ಬಿಟ್ಟಳು. ಊಟಕ್ಕಾದರೂ, ಫೋನ್ ಬಂದರೂ, ನಾನಿದ್ದಲ್ಲಿಗೆ ಬಂದು ಮೆಲ್ಲಗೆ ಹೇಳಿ ಹೋಗುತ್ತಾಳೆ. ಎಷ್ಟು ಸಮಾಧಾನದ ಹೆಂಗಸು ಎಂದು ನೆಂಟರು ಹೊಗಳಿದಾಗ ನಾನು ತಲೆಯಾಡಿಸಿದ್ದೇನೆ. ನನ್ನ ನಾಚಿಕೆಗೇಡಿತನಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮಹಡಿ ಕೋಣೆಯಿಂದ ಬಂದ ಆ ವಾರ ಹೊಳೆಹೊನ್ನೂರಿನ ಬಸ್ಸು ಹತ್ತಿದೆ. ಭಾವಮೈದುನ ಅಲ್ಲಿ ಶಾಮಿಯಾನ, ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾನೆ. ಈಗ ಅವನ ತಲೆಯೂ ನೆರೆತಿದೆ. ಅಂಗಡಿಯ ಮುಂದೆ ಕಂಬಗಳನ್ನು ಲಾರಿಗೆ ಏರಿಸುತ್ತಿದ್ದವನು ಕೆಲಸ ನಿಲ್ಲಿಸಿ ನನ್ನ ಮಾತಿಗೆ ಕಿವಿಗೊಟ್ಟ. ನಾನು ಸುತ್ತಿ ಬಳಸದೆ ಹೇಳಿದೆ. ಬೇಕಂತಲೇ ಅಳಿಸಿದೆ, ತಪ್ಪಾಯಿತು ಎಂದೆ.

ಅವನು ನಕ್ಕ. "ಭಾವ, ಅದು ಅವತ್ತೇ ಗೊತ್ತಿತ್ತಲ್ಲ. ಅದನ್ನ ಹೇಳಕ್ಕೆ ಇಷ್ಟು ಬಿಸಿಲಲ್ಲಿ ಬಂದ್ರಾ?"

"ನಿನ್ನ ಆಲ್ಬಮ್ ಹಾಳು ಮಾಡಿದ್ನಲ್ಲೋ."

"ನಂದೆಲ್ಲಿ ಬಂತು. ನಾನು ಡಬ್ಬ ಬಡಿದೆ. ಡಬ್ಬ ಇನ್ನೊಂದು ಸಿಗೋದು, ಕ್ಯಾಸೆಟ್ ಇನ್ನೊಂದು ಸಿಗೋದು. ಮತ್ತೆ ಮಾಡಣ ಅಂತ ನಾನು ಎಷ್ಟೋ ಸಲ ಕರೆದೆ. ಅಕ್ಕ ಬರ್ಲಿಲ್ಲ." ಕೈಗೆ ಮೆತ್ತಿದ ತುಕ್ಕು ಒರೆಸಿಕೊಳ್ಳುತ್ತ ನನ್ನ ಕಡೆ ನೋಡಿದ. "ಅಕ್ಕನ ಹತ್ರ ಹೇಳಿದ್ರಾ ಭಾವ?"

ನಾನು ಬಸ್ಸಿನ ಹೊತ್ತು ಕೇಳಿದೆ. ಅವನು ನಗುವುದನ್ನು ನಿಲ್ಲಿಸಿದ. "ಈಗ ಒಂದು ಬರುತ್ತೆ, ಹೋಗಿ," ಎಂದ. ಊಟಕ್ಕೆ ಕರೆಯಲಿಲ್ಲ.

ಮನೆಗೆ ಬಂದಾಗ ಅವಳು ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ತಪ್ಪಾಯಿತು ಎನ್ನುವ ಬದಲಿಗೆ ಫೋನು ತೆಗೆದು, ಬಟ್ಟೆ ಗಿರಣಿಯ ಹೆಂಗಸರ ಆ ಪಂಕ್ ಆಲ್ಬಮನ್ನು ಇಯರ್‌ಫೋನ್ ಸಿಕ್ಕಿಸಿಕೊಳ್ಳದೆ ಜೋರಾಗಿ ಹಾಕಿದೆ. ಅವಳ ಕೈ ನಿಂತಿತು. ಒಂದು ಹಾಡು ಮುಗಿಯುವವರೆಗೆ ಗೋಡೆಯ ಕಡೆ ನೋಡುತ್ತ ಕೇಳಿದಳು.

"ಯಾರು ಇವ್ರು?"

"ಯಾವುದೋ ಮಿಲ್ಲಿನವ್ರು. ಯಾರೂ ಕೇಳ್ಲೇ ಇಲ್ಲ ಇವ್ರನ್ನ. ಎಂಥಾ ಆಲ್ಬಮ್ ನೋಡು, ಹಂಗೇ ಬಿದ್ದಿದೆ."

"ಬಿದ್ದಿದ್ರೇನು," ಎಂದಳು. "ಪೂರ್ತಿ ಕೂಗಿದಾರೆ. ಕೂಗಿದ್ದು ಇನ್ನೂ ಇದೆ."

ಮತ್ತೆ ಸಿಪ್ಪೆ ಬಿಡಿಸತೊಡಗಿದಳು. ನಾನು ಹೇಳಬೇಕಾಗಿದ್ದದ್ದು ಆಗಲೇ. ಬಾಯಿ ತೆರೆದೆ. ಸಾರಿಗೆ ಇವತ್ತು ಅವರೆಕಾಳೋ ಎಂದು ಕೇಳಿದೆ. ಹೌದು ಎಂದಳು.

ಕೇಳುವ ಕಿವಿಯಿಲ್ಲದ ಜನ ಎಂದು ನಾನು ಲೋಕವನ್ನೆಲ್ಲ ಬೈದಿದ್ದೇನೆ. ಲೋಕ ಕೇಳದೆ ಹೋಯಿತು, ಅಷ್ಟೇ ಅದರ ತಪ್ಪು. ನಾನು ಕೇಳಿದೆ, ಒಳ್ಳೆಯದೆಂದು ಒಳಗೆ ಎಲ್ಲೋ ತಿಳಿದೂ ಅಳಿಸಿದೆ. ಭಾವಮೈದುನನ ಹತ್ತಿರ ತಪ್ಪಾಯಿತು ಎಂದೆ, ಅದು ಅವನಿಗೆ ಸಲ್ಲಬೇಕಾದ್ದೇ ಆಗಿರಲಿಲ್ಲ. ಗಡ್ಡದ ಯುವಕನಿಗೂ ಫೋನ್ ಮಾಡಿ ನಡೆದದ್ದು ಹೇಳಿದೆ. ಗುರುತಿಲ್ಲದ ನಿಮಗೂ ಈಗ ಹೇಳಿದ್ದಾಯಿತು. ಈ ಕೋಣೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿರುವ ಒಬ್ಬರಿಗೆ ಮಾತ್ರ ಇನ್ನೂ ಹೇಳಿಲ್ಲ. ನನ್ನ ಹೆಂಡತಿಗೆ.