ಎರಡನೆಯ ಸೀಟು

ನನಗೆ ಸವತಿ ಬಂದದ್ದು ಲಾರಿಯ ಮೇಲೆ. ಕೊಡಗಿನ ಯಾವುದೋ ಕಾಫಿ ತೋಟದ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಹಳೆಯ ಕಾರೊಂದನ್ನು ನನ್ನ ಗಂಡ ಹಗ್ಗ ಬಿಗಿದು ತಂದು, ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಪಕ್ಕದ ಶೆಡ್ಡಿನಲ್ಲಿ ಇಳಿಸಿಕೊಂಡರು. ಹುಣಸೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಕೆಂಪು ಬಣ್ಣ, ಉದ್ದ ಮೂತಿ, ಮೇಲೆ ಟಾಪಿಲ್ಲ, ಕೂರುವುದಕ್ಕೆ ಎರಡೇ ಸೀಟು. ಸ್ಪೋರ್ಟ್ಸ್ ಕಾರು ಅಂದರು. ಒಂದು ಮೂಟೆ ಗೊಬ್ಬರ ಹಿಡಿಸದ ಗಾಡಿ ಯಾಕ್ರೀ ಅಂತ ಕೇಳಿದೆ. ಅವರು ಆಗಲೇ ಬಾನೆಟ್ಟಿನೊಳಗೆ ತಲೆ ತೂರಿಸಿಯಾಗಿತ್ತು.

ಅದು ಓಡತೊಡಗಿದ ದಿನದಿಂದ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟುಕೊಳ್ಳುವ ನಾಟಕ ನನಗೆ ಬರುವುದಿಲ್ಲ. ಟ್ರ್ಯಾಕ್ಟರಿಗೆ ಮೆತ್ತಿದ ಕೆಸರು ತಾನಾಗಿ ಉದುರಲಿ ಎಂದು ಬಿಡುವ ಮನುಷ್ಯ, ಇದಕ್ಕೆ ನನ್ನ ಶಾಂಪೂ ಪ್ಯಾಕೆಟ್ ಹರಿದು ಸ್ನಾನ ಮಾಡಿಸುತ್ತಿದ್ದರು. ನನಗೆ ಜ್ವರ ಬಂದರೆ ಮಾತ್ರೆ ನುಂಗಿ ಮಲಕ್ಕೊ ಅನ್ನುವವರು, ಅದರ ಎಂಜಿನ್ ಒಂದು ಸಲ ಕೆಮ್ಮಿದರೆ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು, ಕಣ್ಣು ಮುಚ್ಚಿ ಕೇಳುತ್ತಾ ನಿಲ್ಲುತ್ತಿದ್ದರು. ಅದೂ ಹೋಗಲಿ. ಮದುವೆಯಾದಾಗಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ; ನಮ್ಮ ಕಡೆಯ ಗಂಡಸರಿಗೆ ಹೆಂಡತಿ ಅಂದರೆ 'ಇವ್ಳು', ಅಷ್ಟೆ. ಆ ಮಾತನ್ನೂ ತೆಗೆದು ಕಾರಿಗೆ ಕೊಟ್ಟುಬಿಟ್ಟರು. ಒಂದು ದಿನ ಶೆಡ್ಡಿನಲ್ಲಿ ಫೋನು ಹಿಡಿದು, ಇವ್ಳು ಇವತ್ತು ಎಷ್ಟು ಚೆನ್ನಾಗವ್ಳೆ ಗೊತ್ತಾ ಅಂತ ಯಾರಿಗೋ ಹೇಳುತ್ತಿದ್ದರು. ರೊಟ್ಟಿ ತಟ್ಟುತ್ತಿದ್ದ ನಾನು ಕೈ ನಿಲ್ಲಿಸಿ ನಾಚಿಕೊಂಡೆ, ಈ ವಯಸ್ಸಿನಲ್ಲಿ. ಮರುಮಾತಿಗೇ ಬಂಪರ್ ಪಾಲಿಶ್ ಮಾಡಿಸಿದ ಸುದ್ದಿ ಬಂತು. ಹೆಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

ನನ್ನ ಆಸೆ ದೊಡ್ಡದೇನಲ್ಲ. ಆ ಎರಡನೆಯ ಸೀಟಿನಲ್ಲಿ ಕೂತು ಒಂದು ಸಲ ಚುಂಚನಕಟ್ಟೆಯ ನನ್ನ ತವರಿನ ಬಾಗಿಲಿಗೆ ಹೋಗಬೇಕು. ಬಸ್ಸಿಳಿದು, ಬ್ಯಾಗು ಹೊತ್ತು, ಬೆವರು ಒರೆಸಿಕೊಂಡು ನಡೆದುಹೋಗುವ ನನ್ನನ್ನು ಆ ಬೀದಿ ಬೇಕಾದಷ್ಟು ನೋಡಿದೆ. ಆದರೆ ಆ ಸೀಟು ಯಾವಾಗಲೂ ಹುಣಸೂರಿನ ಮೆಕ್ಯಾನಿಕ್ಕನದು, ಅವನು ನನ್ನ ಗಂಡನ ಹಳೇ ದೋಸ್ತ್.

ಈಚಿನ ದಸರಾ ಕಳೆದದ್ದೇ ಕಾರಿಗೆ ರೋಗ ಹಿಡಿಯಿತು. ಮನೆಯಿಂದ ಚೆನ್ನಾಗಿಯೇ ಹೊರಡುತ್ತದೆ, ಸ್ವಲ್ಪ ದೂರ ಹೋಗಿ ಮುಗ್ಗರಿಸಿ ನಿಲ್ಲುತ್ತದೆ. ಒಂದು ಟೀ ಕುಡಿಯುವಷ್ಟು ಹೊತ್ತು ಬಿಟ್ಟರೆ ಏನೂ ಆಗದವರ ಹಾಗೆ ಮತ್ತೆ ಸ್ಟಾರ್ಟು. ಬಿಸಿಯಾದರೆ ಸಾಯುತ್ತದೆ, ಕಿಡಿ ಹುಟ್ಟಿಸುವ ಕಾಯಿಲ್ ಹೋಗಿದೆ ಅಂದ ಮೆಕ್ಯಾನಿಕ್. ಕಾಯಿಲ್ ಬದಲಾಯಿತು. ಪ್ಲಗ್ಗುಗಳು ಬದಲಾದವು, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು ಬದಲಾಯಿತು, ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದು ನನ್ನ ಒಳ್ಳೆಯ ತಟ್ಟೆಯಲ್ಲಿ ಬಿಸಿಲಿಗಿಟ್ಟರು. ಪ್ರತಿ ಸಲವೂ ಪರೀಕ್ಷೆ ಅಂತ ಇಬ್ಬರೂ ಒಮ್ಮೆ ಪಿರಿಯಾಪಟ್ಟಣದ ರಸ್ತೆಗೆ, ಒಮ್ಮೆ ಕೋಟೆ ತಾಲ್ಲೂಕಿನ ರಸ್ತೆಗೆ. ಕೆಟ್ಟು ನಿಂತ ಕಡೆ ಬೋಂಡ ತಿಂದು, ನಗುನಗುತ್ತಾ ಬರುತ್ತಿದ್ದರು. ನಾನೂ ಬರ್ತೀನಿ ಅಂದರೆ, ದಾರಿಯಲ್ಲಿ ಕೈ ಕೊಡ್ತಾಳೆ, ನಿನ್ನ ಕಟ್ಕೊಂಡು ಎಲ್ಲಿ ಒದ್ದಾಡಲಿ ಅನ್ನುವರು. ಕಟ್ಟಿಕೊಂಡು ಎಷ್ಟೋ ವರ್ಷ ಆಯಿತಲ್ಲ ಅಂತ ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ.

ಮೆಕ್ಯಾನಿಕ್ ಮಾಲೆ ಹಾಕಿ ಶಬರಿಮಲೆಗೆ ಹೋದ. ಅಯ್ಯಪ್ಪ ನನ್ನ ಕಡೆ ನೋಡಿದ ಅಂದುಕೊಂಡೆ. ಅವನು ವಾಪಸು ಬರುವವರೆಗೂ ತಡೆಯುವ ತಾಳ್ಮೆ ನಮ್ಮವರಿಗಿರಲಿಲ್ಲ. ಗಾಡಿ ನಿಂತ ತಕ್ಷಣ ಒಬ್ಬರು ಬಾನೆಟ್ಟಿನ ಹತ್ತಿರ ಇರಬೇಕಂತೆ, ಇನ್ನೊಬ್ಬರು ಒಳಗೆ ಕೂತು ಕೀ ತಿರುಗಿಸಬೇಕಂತೆ. ಬತ್ತೀಯಾ ಅಂತ ನನ್ನನ್ನು ಕೇಳಿದರು. ಒಳಗೆ ಹೋಗಿ ರೇಷ್ಮೆ ಸೀರೆ ಉಟ್ಟು ಬಂದೆ. ರಿಪೇರಿಗೆ ಇದ್ಯಾಕೆ ಅಂದರು. ನಾನು ಹೋಗಿ ಎರಡನೆಯ ಸೀಟಿನಲ್ಲಿ ಕೂತುಕೊಂಡೆ. ಹುಣಸೂರಿಗೆ ಬಂದ ಮೇಲೆ, ಕೆಟ್ಟು ನಿಲ್ಲುವುದಕ್ಕೆ ಯಾವ ರಸ್ತೆಯಾದರೇನು, ಚುಂಚನಕಟ್ಟೆ ಕಡೆಗೇ ತಿರುಗಿಸಿ ಅಂದೆ. ತಿರುಗಿಸಿದರು.

ಗಾಳಿಗೆ ಸೆರಗು ಹಾರುತ್ತಿತ್ತು. ನಿಜ ಹೇಳಬೇಕೆಂದರೆ, ಆ ಸೀಟು ಬಲು ಸುಖ. ಇಷ್ಟು ದಿನ ಆ ಮೆಕ್ಯಾನಿಕ್ ಇದನ್ನು ಅನುಭವಿಸಿದನಲ್ಲ ಅಂತ ಇನ್ನೂ ಉರಿಯಿತು. ಹೊಟ್ಟೆಕಿಚ್ಚು ಪಡಲಿಕ್ಕೂ ಪೂರಾ ಬಿಡದೆ ಕಾರು ಮುಗ್ಗರಿಸಿತು, ಮತ್ತೊಮ್ಮೆ ಮುಗ್ಗರಿಸಿತು, ಗದ್ದೆ ಬಯಲಿನ ಮಧ್ಯೆ ನಿಂತುಬಿಟ್ಟಿತು.

ಅವರು ಹಾರಿ ಇಳಿದು ಒಂದು ಪ್ಲಗ್ ಬಿಚ್ಚಿ, ವೈರು ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಹಿಡಿದರು. ನಾನು ಕೀ ತಿರುಗಿಸಿದೆ. ನೀಲಿ ಕಿಡಿ ಚಟಚಟ ಹಾರಿತು. ಅಂದರೆ ಕಾಯಿಲ್ ಸರಿಯಾಗಿದೆ, ಕರೆಂಟಿನದಲ್ಲ ತೊಂದರೆ. ಕಾರ್ಬ್ಯುರೇಟರಿನ ಪೆಟ್ರೋಲ್ ಪೈಪು ಕಿತ್ತರು. ಮತ್ತೆ ಕೀ ತಿರುಗಿಸಿದೆ. ಒಂದು ಹನಿಯೂ ಬರಲಿಲ್ಲ. ಹೊಸ ಪಂಪು ಬೇರೆ. ಅವರ ಮುಖ ಸಣ್ಣಗಾಯಿತು. ಹಿಂದೆ ಹೋಗಿ ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ ನೋಡು ಅಂದರು.

ಮುಚ್ಚಳ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಬಲ ಹಾಕಿ ತಿರುಗಿಸಿದೆ. ಸುಂಯ್ ಅಂತ ಗಾಳಿಯನ್ನು ಒಳಗೆ ಎಳೆದುಕೊಂಡಿತು. ಪೆಟ್ರೋಲ್ ಬೇಕಾದಷ್ಟಿತ್ತು. ಅವರು ಪಟ್ಟು ಬಿಡದೆ ಸ್ಟೀರಿಂಗಿನ ಹತ್ತಿರ ಬಂದು ತಾವೇ ಕೀ ತಿರುಗಿಸಿದರು. ಕಿತ್ತಿಟ್ಟ ಪೈಪಿನಿಂದ ಪೆಟ್ರೋಲ್ ಚಿಮ್ಮಿತು. ನೋಡು, ತಣ್ಣಗಾಯಿತು, ಬಂತು ಅಂತ ಹಿಗ್ಗಿದರು.

"ತಣ್ಣಗಾಗಿದ್ದಲ್ಲ ಕಣ್ರೀ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹಾಕುದ್ರೆ ಎಣ್ಣೆ ಬತ್ತದಾ? ಗಾಳಿ ಓಗೋಕೆ ಇನ್ನೊಂದು ತೂತು ಬ್ಯಾಡ್ವಾ? ನಿಂತಾಗ ಸಂದಿಲಿ ಒಸಿ ಗಾಳಿ ನುಗ್ತದೆ, ಅದ್ಕೇ ಮತ್ತೆ ಓಡ್ತದೆ" ಅಂದೆ.

ಅವರು ಮುಚ್ಚಳ ಕಿತ್ತುಕೊಂಡು ನೋಡಿದರು. ನಡುವೆ ಗಾಳಿ ಹೋಗುವ ಸಣ್ಣ ತೂತು ಇರಬೇಕಂತೆ. ಅದು ಕಾಣಲೇ ಇಲ್ಲ. ಅದರ ಮೇಲೆ ಗಂಧ, ಅರಿಶಿನ, ಕುಂಕುಮ ಸೇರಿ ಕಲ್ಲಾಗಿ ಕೂತಿತ್ತು. ಆಯುಧಪೂಜೆಯದು! ನಮ್ಮ ಟ್ರ್ಯಾಕ್ಟರು, ಪಂಪ್‌ಸೆಟ್ಟು, ಕುಡುಗೋಲು ಎಲ್ಲಕ್ಕೂ ಬೊಟ್ಟಿಟ್ಟವಳು ನಾನು. ಇದೊಂದನ್ನು ಮಾತ್ರ ಮುಟ್ಟಲು ಬಿಟ್ಟಿರಲಿಲ್ಲ. ಬಳೆ ತಾಗಿ ಬಣ್ಣ ಕೆರೆದುಹೋಗುತ್ತದೆ ಅಂತ ನನ್ನ ಕೈ ಸರಿಸಿ, ತಾವೇ ಗಂಧ ತೇದು, ದೀಪಕ್ಕೆ, ಚಕ್ರಕ್ಕೆ, ಕೊನೆಗೆ ಪೆಟ್ರೋಲಿನ ಮುಚ್ಚಳಕ್ಕೂ ಪ್ರೀತಿಯಿಂದ ದಪ್ಪದಪ್ಪಗೆ ಮೆತ್ತಿದ್ದರು. ನನಗೆ ನಗು ಬಂತು, ಅದರ ಹಿಂದೆಯೇ ಕೋಪವೂ ಬಂತು. ನನ್ನ ಹಣೆಗೆ ಅಷ್ಟು ಅಕ್ಕರೆಯಿಂದ ಯಾವತ್ತು ಇಟ್ಟಿದ್ದರು?

ತಲೆಯಿಂದ ಪಿನ್ನು ತೆಗೆದುಕೊಟ್ಟೆ. ಕೆರೆದು ತೂತು ಬಿಡಿಸಿ, ಪ್ಲಗ್ಗೂ ಪೈಪೂ ಕೂಡಿಸಿ ಸ್ಟಾರ್ಟ್ ಮಾಡಿದರು. ಎಂಜಿನ್ ಎಲ್ಲೂ ತಡವರಿಸಲಿಲ್ಲ. ಅವರು ಬಾನೆಟ್ ಸವರಿ, ಪಾಪ, ಉಸಿರು ಕಟ್ಟಿ ಒದ್ದಾಡಿದ್ದಾಳೆ ಅಂದರು. ಕಂಡುಹಿಡಿದವಳು ನಾನು, ಪಾಪ ಅನ್ನಿಸಿಕೊಂಡದ್ದು ಅದು. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ.

"ನಡಿ, ನಿನ್ನ ಮನೇಗ್ ಬುಟ್ಬುಡ್ತೀನಿ. ನಾಳೆ ಅವ್ನು ಬತ್ತಾನೆ, ಅವನ್ನ ಕೂರಿಸ್ಕೊಂಡು ಕೋಟೆ ಗಂಟ ಒಂದು ಟ್ರಯಲ್ ಒಡ್ದು ಬತ್ತೀವಿ" ಅಂದರು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀಟಿಗೆ ಒರಗಿ ಕೂತೆ.

"ಅವನು ಬರ್ಲಿ, ಬಂದು ಶೆಡ್ಡಲ್ಲಿ ಕೂತಿರ್ಲಿ. ನಾನು ಇಳಿಯಾಕಿಲ್ಲ. ಚುಂಚನಕಟ್ಟೆಗೆ ಬುಡ್ರಿ ಗಾಡಿಯ."

ಅವರು ನನ್ನ ಮುಖ ನೋಡಿದರು. ಮನೆ ಕಡೆಗೆ ತಿರುಗಿಸಲು ಹೊರಟಿದ್ದ ಸ್ಟೀರಿಂಗನ್ನು ನೇರ ಮಾಡಿದರು. ಮುಂದೆ ಎಲ್ಲೂ ಕಾರು ನಿಲ್ಲಲಿಲ್ಲ.

ತವರಿನ ಬಾಗಿಲಲ್ಲಿ ಹಾರನ್ ಹೊಡೆಸಿದೆ. ಅಕ್ಕಪಕ್ಕದವರೆಲ್ಲ ಈಚೆ ಬಂದರು. ನನ್ನ ತಮ್ಮ ಕಾರನ್ನು ಒಂದು ಸುತ್ತು ಹಾಕಿ, ಬಾಗಿಲಿನ ಮೇಲೆ ಕೈಯಿಟ್ಟು, ಅಕ್ಕ, ನೀನು ಒಳಗೋಗು, ನಾನು ಭಾವನ ಜೊತೆ ಹೊಳೆವರೆಗೆ ಹೋಗಿಬರುತ್ತೇನೆ ಅಂದ. ನಮ್ಮವರು ಆಸೆಯಿಂದ ನನ್ನ ಕಡೆ ನೋಡಿದರು. ಅಮ್ಮ ಕಾಫಿ ಕುಡಿಯಲು ಬಾ ಅಂತ ಕರೆದಳು. ಕಾಫಿ ಇಲ್ಲಿಗೇ ತಾರಮ್ಮ ಅಂದೆ. ಇದೆಂಥ ಮಳ್ಳು ಅಂತ ಬೈಯುತ್ತಲೇ ತಂದುಕೊಟ್ಟಳು. ಇಡೀ ಬೀದಿ ನೋಡುತ್ತಿರುವಾಗ ಸೀಟಿನಲ್ಲೇ ಕೂತು, ತಣ್ಣಗಾಗುವವರೆಗೂ, ನಿಧಾನವಾಗಿ ಕುಡಿದೆ.